ಕೊನೆಗೂ ಲಾಕ್ ಆಯಿತು
ನಿನ್ನೆ ರಾತ್ರಿ ಹಳೆಯ ಡಿಜಿಟಲ್ ಟಿವಿ ಟ್ಯೂನರ್ ಕಾರ್ಡ್ ಒಂದನ್ನು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ಗಂಟೆ ಹಿಡಿಯಿತು.

ಲಿನಕ್ಸ್‌ನ ತಿರುಳಾದ ಕರ್ನೆಲ್, ಕಾರ್ಡನ್ನು ತಕ್ಷಣ ಗುರುತಿಸಿತು, ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಕೂಡ ತಾನಾಗಿಯೇ ಲೋಡ್ ಆಯಿತು, ಆದರೆ ಸ್ಕ್ಯಾನ್ ಮಾಡಿದರೆ ಒಂದು ಚಾನೆಲ್ಲೂ ಇಲ್ಲ. ಸುಮ್ನೆ ಆಂಟೆನಾ ತಿರುಗಿಸುತ್ತಾ ಒಂದು ಗಂಟೆ ಹಾಳು ಮಾಡಿದೆ. ಆಮೇಲೆ ಕರ್ನೆಲ್ ಲಾಗ್ (ಕರ್ನೆಲ್ ಬರೆದಿಡುವ ದಾಖಲೆ) ತೆಗೆದರೆ ಅಲ್ಲೇ ಬರೆದಿತ್ತು, ಫರ್ಮ್‌ವೇರ್ ಫೈಲ್, ಅಂದರೆ ಕಾರ್ಡಿನೊಳಗೆ ಓಡಬೇಕಾದ ತಂತ್ರಾಂಶದ ಫೈಲ್, ಸಿಗುತ್ತಿಲ್ಲ ಅಂತ. ಮೊದಲೇ ಓದಬಹುದಿತ್ತು ಅಲ್ವಾ? ಆ ಫೈಲನ್ನು ಅದರ ಫೋಲ್ಡರಿಗೆ ಹಾಕಿ, ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದ ಮೇಲೆ ಚಾನೆಲ್‌ಗಳ ಹೆಸರು ಒಂದೊಂದಾಗಿ ಬರತೊಡಗಿದವು.

ಸಿಗ್ನಲ್ ಇಷ್ಟು ಪರ್ಸೆಂಟ್ ಅಂತ ತೋರಿಸುವುದನ್ನು ನಾನು ಜಾಸ್ತಿ ನಂಬುವುದಿಲ್ಲ, ಒಂದೊಂದು ಡ್ರೈವರಿನದು ಒಂದೊಂದು ಲೆಕ್ಕ. ಲಾಕ್ ಆಗಿದೆಯಾ, ಅಂದರೆ ಕಾರ್ಡ್ ಸಿಗ್ನಲನ್ನು ಗಟ್ಟಿಯಾಗಿ ಹಿಡಿದಿದೆಯಾ, ಬಂದ ಡೇಟಾದಲ್ಲಿ ತಪ್ಪು ಬಿಟ್‌ಗಳು ಎಷ್ಟು, ಅಷ್ಟು ನೋಡಿದರೆ ಸಾಕು.

ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕಮ್ಮಿಯಾದರೆ ಪರದೆ ತುಂಬಾ ಚುಕ್ಕಿ, ದನಿ ಗೊರಗೊರ, ಆದರೂ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ಡಿಜಿಟಲ್ ಹಾಗಲ್ಲ. ಬಂದ ತಪ್ಪುಗಳನ್ನೆಲ್ಲ ಒಳಗೊಳಗೇ ತಿದ್ದಿಕೊಂಡು ಚಿತ್ರವನ್ನು ಚೆಂದವಾಗಿಯೇ ತೋರಿಸುತ್ತಿರುತ್ತದೆ, ತಿದ್ದಲು ಆಗದ ಹಂತ ಬಂದಾಗ ಚೌಕ ಚೌಕವಾಗಿ ಒಡೆದು ಒಮ್ಮೆಲೇ ನಿಂತುಹೋಗುತ್ತದೆ. ಕೆಲವು ಗೆಳೆಯರು ನೆನಪಾದರು.

ರೆಕಾರ್ಡಿಂಗ್ ಪರೀಕ್ಷೆ ಇನ್ನೂ ಬಾಕಿ ಇದೆ. ಇವತ್ತು ರಾತ್ರಿ ನೋಡುತ್ತೇನೆ, ಲಾಗ್ ಮೊದಲು ಓದಿ.