ಉಪ್ಪಿನ ಲೆಕ್ಕ ತಪ್ಪಿದ ವಾರ

ಏಪ್ರಿಲ್‌ನಲ್ಲಿ ಕಚೇರಿ ಕೆಲಸದ ಮೇಲೆ ಹತ್ತು ದಿನ ಪುಣೆಗೆ ಹೋಗಿದ್ದೆ. ಬೆಂಗಳೂರಿನ ಮನೆಗೆ ಮರಳಿ ಚೀಲ ಕೆಳಗಿಡುವ ಮೊದಲೇ ಕಣ್ಣು ಉಪ್ಪುನೀರಿನ ಅಕ್ವೇರಿಯಂ ಕಡೆಗೆ ಹೋಯಿತು. ನಕ್ಷತ್ರ ಮೀನು ಮರಳಿನ ಮೇಲೆ ಅಂಗಾತ ಬಿದ್ದಿತ್ತು.

ಅಂಗಡಿಯವರು ಇದನ್ನು ಚಾಕಲೇಟ್ ಚಿಪ್ ಸ್ಟಾರ್ ಎನ್ನುತ್ತಾರೆ. ಕೆನೆ ಬಣ್ಣದ ಮೈ, ಬೆನ್ನ ಮೇಲೆ ಕಂದು ಕೋಡುಗಳು. ಚೆನ್ನಾಗಿದ್ದಾಗ ಮಗುಚಿ ಬಿದ್ದರೆ ಒಂದು ತೋಳನ್ನು ಮಡಚಿ, ಕೊಳವೆಯಂಥ ಪುಟ್ಟ ಕಾಲುಗಳಿಂದ ನೆಲ ಹಿಡಿದು, ತಾನೇ ಸರಿಯಾಗಿ ಹೊರಳುತ್ತದೆ. ಅಂದು ಆ ನೂರಾರು ಕಾಲುಗಳೂ ಒಳಗೆ ಸೇರಿಕೊಂಡಿದ್ದವು. ಒಂದು ತೋಳಿನ ತುದಿ ಬೆಳ್ಳಗಾಗಿ ಮೆತ್ತಗಾಗಿತ್ತು.

“ನೀರು ಇಳಿದಾಗೆಲ್ಲ ನೀನು ಹೇಳಿದ ಹಾಗೇ ಕ್ಯಾನಿನಿಂದ ಸುರಿದೆ ಕಣೋ” ಎಂದರು ಅಮ್ಮ.

ಬಾಲ್ಕನಿಯಲ್ಲಿ 20 ಲೀಟರಿನ ಎರಡು ಬಿಳಿ ಕ್ಯಾನುಗಳಿದ್ದವು. ಒಂದರಲ್ಲಿ ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿದ ಸಿಹಿನೀರು, ಇನ್ನೊಂದರಲ್ಲಿ ಉಪ್ಪು ಕಲಸಿಟ್ಟ ನೀರು. ಖಾಲಿಯಾಗಿದ್ದದ್ದು ಉಪ್ಪಿನದು. ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪೆಲ್ಲ ಅಲ್ಲೇ ಉಳಿಯುತ್ತದೆ. ಅದಕ್ಕೇ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಕ್ಯಾನುಗಳ ಮೇಲೆ ಹೆಸರು ಬರೆಯದೆ ಹೋದವನು ನಾನು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿಗೆ ತೊಟ್ಟಿಯ ನೀರಿನ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದೆ: ಸಾಪೇಕ್ಷ ಸಾಂದ್ರತೆ 1.026 ಇರಬೇಕಾದ ಕಡೆ 1.030. ಅಂದರೆ ಉಪ್ಪು ಹೆಚ್ಚಾಗಿತ್ತು.

ಜೊತೆಗಿದ್ದ ಎರಡು ಕ್ಲೌನ್ ಮೀನುಗಳು ಏನೂ ಆಗದಂತೆ ಈಜುತ್ತಿದ್ದವು. ಮೀನಿನ ಕಿವಿರು ಹೆಚ್ಚಾದ ಉಪ್ಪನ್ನು ಹೊರಹಾಕುತ್ತದೆ. ನಕ್ಷತ್ರ ಮೀನಿಗೆ ಆ ಏರ್ಪಾಡಿಲ್ಲ. ಬೆನ್ನ ಮೇಲಿನ ಜರಡಿಯಂಥ ಒಂದು ಸಣ್ಣ ಗುಂಡಿಯ ಮೂಲಕ ಸಮುದ್ರದ ನೀರನ್ನೇ ಒಳಕ್ಕೆ ಸೇರಿಸಿಕೊಂಡು, ಆ ನೀರಿನ ಒತ್ತಡದಿಂದಲೇ ಅದು ಕಾಲು ಚಾಚುತ್ತದೆ. ಹೊರಗಿನ ನೀರು ಕೆಟ್ಟರೆ ಒಳಗಿನದೂ ಕೆಟ್ಟಂತೆ.

ಒಮ್ಮೆಗೇ ಸಿಹಿನೀರು ಸುರಿದುಬಿಡಲು ಕೈ ತುಡಿಯುತ್ತಿತ್ತು. ಹಾಗೆ ಮಾಡಿದ್ದರೆ ಉಪ್ಪಿನಂಶ ದಿಢೀರನೆ ಬದಲಾಗಿ, ಅದೇ ಅದರ ಕೊನೆಯಾಗುತ್ತಿತ್ತು. ತಂದ ದಿನವೂ ಸಣ್ಣ ಪೈಪಿಗೆ ಗಂಟು ಹಾಕಿ, ಮೂರು ತಾಸು ಹನಿಹನಿಯಾಗಿ ನೀರು ಬೆರೆಸಿಯೇ ಒಳಗೆ ಬಿಟ್ಟಿದ್ದೆ. ಈಗ ಮತ್ತೆ ಅದೇ ಪೈಪು, ಅದೇ ಗಂಟು. ಮೊದಲು ಗಾಳಿ ಸೋಕದಂತೆ ನೀರಿನೊಳಗೇ ನಕ್ಷತ್ರ ಮೀನನ್ನು ಮೆಲ್ಲನೆ ಮಗುಚಿದೆ. 150 ಲೀಟರಿನ ತೊಟ್ಟಿಯಿಂದ ದಿನಕ್ಕೆ ಐದು ಲೀಟರ್ ತೆಗೆದು, ಐದು ಲೀಟರ್ ಸಿಹಿನೀರನ್ನು ಹನಿಸುತ್ತಾ ಹೋದೆ. ನಾಲ್ಕು ದಿನ ಹಾಲ್‌ನಲ್ಲೇ ಚಾಪೆ ಹಾಸಿ ಮಲಗಿದೆ. ರಾತ್ರಿ ಎದ್ದಾಗಲೆಲ್ಲ ಟಾರ್ಚ್ ಬಿಟ್ಟು ನೋಡಿದೆ. ಈ ಜೀವಿಗಳನ್ನು ಸಮುದ್ರದಿಂದಲೇ ಹಿಡಿದು ತರುತ್ತಾರೆ. ಅಲ್ಲಿ ಅದಕ್ಕೆ ಉಪ್ಪಿನ ಲೆಕ್ಕ ಇಡುವವರು ಯಾರೂ ಬೇಕಿರಲಿಲ್ಲ ಎಂಬುದು ಆ ರಾತ್ರಿಗಳಲ್ಲಿ ತುಂಬಾ ಕಾಡಿತು. ಇನ್ನೊಂದನ್ನು ತರುವುದಿಲ್ಲ ಎಂದು ಆಗಲೇ ನಿರ್ಧರಿಸಿದೆ.

ಐದನೆಯ ಬೆಳಿಗ್ಗೆ ಅಮ್ಮ ಎಬ್ಬಿಸಿದರು. ಅದು ಮರಳು ಬಿಟ್ಟು ಗಾಜಿನ ಮೇಲೆ ಒಂದು ಗೇಣು ಹತ್ತಿತ್ತು. ಬೆಳ್ಳಗಾದ ತುದಿ ಉದುರಿಹೋಗಿ ಆ ತೋಳು ಮೊಂಡಾಗಿತ್ತು. ಉಳಿದ ನಾಲ್ಕರಲ್ಲೂ ಕಾಲುಗಳು ಗಾಜಿಗೆ ಅಂಟಿಕೊಂಡಿದ್ದವು. ಇಕ್ಕಳದಲ್ಲಿ ಕಡಲೆಕಾಳಿನಷ್ಟು ಸಿಗಡಿ ಚೂರು ಹಿಡಿದು ಒಂದು ತೋಳಿನ ಕೆಳಗಿಟ್ಟೆ. ಕಾಲುಗಳು ಅದನ್ನು ಕೈಯಿಂದ ಕೈಗೆ ದಾಟಿಸುವಂತೆ ನಡುವಿನ ಬಾಯಿಯವರೆಗೆ ಸಾಗಿಸಿದವು. ಸ್ವಲ್ಪ ಹೊತ್ತಿಗೆ ತೆಳ್ಳನೆಯ ಪೊರೆಯಂಥ ಹೊಟ್ಟೆ ಹೊರಗೆ ಬಂದು ಆ ಚೂರನ್ನು ಪೂರಾ ಸುತ್ತಿಕೊಂಡಿತು.

ಅಮ್ಮ ಒಲೆಯ ಮೇಲಿನ ಹಾಲನ್ನೂ ಮರೆತು ನೋಡುತ್ತಾ ನಿಂತಿದ್ದರು.