ಟೈಷಾ ಇಲ್ಲದ ಕಥೆ

ಉಡುಪಿಯ ನಮ್ಮ ಓದುಗೆಳೆಯರ ನಡುವೆ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಸನ್ನಿವೇಶದ ಬಳಿ ಬಂದು ನಿಲ್ಲುತ್ತದೆ. ನಾಲ್ಕನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ, ಕೊಲೆಯ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿ ಸೆರೆಯಲ್ಲಿರುವ, ಪ್ರಬಲ ಲ್ಯಾನಿಸ್ಟರ್ ಮನೆತನದ ಕುಳ್ಳ ಮಗ ಟಿರಿಯನ್‌ನನ್ನು ಅವನ ಅಣ್ಣ ಜೇಮಿ ಗುಟ್ಟಾಗಿ ಬಿಡಿಸುತ್ತಾನೆ. ಇಬ್ಬರೂ ಅಪ್ಪಿಕೊಂಡು ಬೀಳ್ಕೊಳ್ಳುತ್ತಾರೆ. ಹಡಗು ಹತ್ತಿ ಪಾರಾಗಬೇಕಾದ ಟಿರಿಯನ್ ಅದರ ಬದಲು ತಂದೆಯ ಕೋಣೆಗೆ ಹೋಗಿ, ಅವನನ್ನು ಬಾಣ ಹೊಡೆದು ಕೊಲ್ಲುತ್ತಾನೆ. ಧಾರಾವಾಹಿಗೆ ಆಧಾರವಾದ ಕಾದಂಬರಿ ಓದದವರಿಗೆ ಇದರಲ್ಲಿ ಕೊರತೆಯೇನೂ ಕಾಣುವುದಿಲ್ಲ. ಓದಿದವರಿಗೆ ಇಲ್ಲಿ ಇಡೀ ಪಾತ್ರದ ಬೇರೇ ಕಳಚಿಹೋದಂತೆ ಅನಿಸುತ್ತದೆ, ಮತ್ತು ನಾನು ಈ ಎರಡನೆಯ ಪಕ್ಷದವನು.

2000ದಲ್ಲಿ ಪ್ರಕಟವಾದ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ ಕಾದಂಬರಿಯಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಈ ಘಟ್ಟವನ್ನು ಕಟ್ಟಿದ ಬಗೆಯೇ ಬೇರೆ. ಟಿರಿಯನ್ ಹದಿಮೂರನೆಯ ವಯಸ್ಸಿನಲ್ಲಿ ಟೈಷಾ ಎಂಬ ಬಡ ಹುಡುಗಿಯನ್ನು ಮದುವೆಯಾಗಿದ್ದ. ಅವಳು ಜೇಮಿ ದುಡ್ಡು ಕೊಟ್ಟು ಕರೆತಂದ ವೇಶ್ಯೆ ಎಂದು ಅವನನ್ನು ನಂಬಿಸಿ, ತಂದೆ ಟೈವಿನ್ ಆ ಹುಡುಗಿಯನ್ನು ಅವನ ಕಣ್ಣೆದುರೇ ತನ್ನ ಕಾವಲಿನವರಿಗೆ ಒಪ್ಪಿಸಿದ್ದ. ತನ್ನನ್ನು ನಿಜವಾಗಿ ಪ್ರೀತಿಸುವವರು ಯಾರೂ ಇಲ್ಲವೆಂಬ ಟಿರಿಯನ್‌ನ ನಂಬಿಕೆ ಹುಟ್ಟಿದ್ದೇ ಅಲ್ಲಿಂದ. ಸೆರೆಯಿಂದ ಬಿಡಿಸುವ ರಾತ್ರಿ ಜೇಮಿ ಸತ್ಯ ಹೇಳುತ್ತಾನೆ: ಅವಳು ವೇಶ್ಯೆಯಾಗಿರಲಿಲ್ಲ, ಆ ಸುಳ್ಳನ್ನು ತನ್ನಿಂದ ಹೇಳಿಸಿದವನು ತಂದೆ. ಟಿರಿಯನ್ ಅಣ್ಣನಿಗೆ ಹೊಡೆಯುತ್ತಾನೆ. ತಾನು ಮಾಡದ ಆ ಕೊಲೆಯನ್ನು ತಾನೇ ಮಾಡಿದ್ದೇನೆಂದು, ಬರೀ ಅವನನ್ನು ನೋಯಿಸುವುದಕ್ಕಾಗಿ, ಒಪ್ಪಿಕೊಳ್ಳುತ್ತಾನೆ. ತಂದೆಯ ಎದುರು ನಿಂತಾಗ ಅವನು ಕೇಳುವುದು ಟೈಷಾ ಎಲ್ಲಿಗೆ ಹೋದಳೆಂಬ ಪ್ರಶ್ನೆಯನ್ನು. ಟೈವಿನ್ ಉತ್ತರದಲ್ಲಿ ಮತ್ತೆ ಅದೇ ಹೀನ ಪದವನ್ನು ಬಳಸುತ್ತಾನೆ, ಬಾಣ ಹಾರುತ್ತದೆ.

ಧಾರಾವಾಹಿಯಲ್ಲಿ ಆ ಪದ ಉಳಿದಿದೆ, ಬಾಣವೂ ಉಳಿದಿದೆ. ಆದರೆ ಪದ ಈಗ ಶೇ ಎಂಬ ಪ್ರೇಯಸಿಯನ್ನು ಕುರಿತದ್ದು, ಮತ್ತು ಅವಳನ್ನು ಕೆಲವೇ ನಿಮಿಷಗಳ ಹಿಂದೆ ಟಿರಿಯನ್ ತನ್ನ ಕೈಯಾರೆ ಕೊಂದಿದ್ದಾನೆ. ನನ್ನನ್ನು ಹೆಚ್ಚು ಕಾಡುವ ಸಂಗತಿಯೆಂದರೆ, ಮೊದಲನೆಯ ಸೀಸನ್ನಿನಲ್ಲಿ, ಯುದ್ಧದ ಹಿಂದಿನ ರಾತ್ರಿ ಡೇರೆಯೊಳಗೆ ಟಿರಿಯನ್ ಈ ಮದುವೆಯ ಕಥೆಯನ್ನು ಸಾವಧಾನವಾಗಿ ಹೇಳಿದ್ದಾನೆ. ಬೀಜ ಬಿತ್ತಿದವರೇ ಫಸಲಿನ ಹೊತ್ತಿಗೆ ಗದ್ದೆಯನ್ನು ಬಿಟ್ಟು ನಡೆದರು.

ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. “ಪುಸ್ತಕದಲ್ಲಿ ಉಂಟು ಅಂತ ಎಲ್ಲವನ್ನೂ ತೋರಿಸ್ಲಿಕ್ಕೆ ಆಗ್ತದಾ ಮಾರಾಯ್ರೆ? ಮೂರು ವರ್ಷದ ಹಿಂದೆ ಒಮ್ಮೆ ಕೇಳಿದ ಹೆಸರು ಯಾರಿಗೆ ನೆನಪಿರ್ತದೆ?” ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಾರ್ಟಿನ್ ಸ್ವತಃ ಟೆಲಿವಿಷನ್ನಿಗೆ ಬರೆದು ಅನುಭವವಿದ್ದವರು. ಈ ಧಾರಾವಾಹಿಯ ಮೊದಲ ನಾಲ್ಕು ಸೀಸನ್ನುಗಳಿಗೆ ಒಂದೊಂದು ಕಂತಿನ ಚಿತ್ರಕಥೆಯನ್ನೂ ಬರೆದುಕೊಟ್ಟರು. ಬಿಡುವುದು ಅನಿವಾರ್ಯ ಎಂಬುದು ಅವರಿಗೂ ತಿಳಿದಿತ್ತು. ಆದ್ದರಿಂದ ಬಿಟ್ಟದ್ದೆಷ್ಟು, ಸೇರಿಸಿದ್ದೆಷ್ಟು ಎಂದು ಲೆಕ್ಕ ಹಾಕುವ ವಾದದಲ್ಲಿ ನನಗೆ ಆಸಕ್ತಿಯಿಲ್ಲ.

ಕರಾವಳಿಯಲ್ಲಿ ತಾಳಮದ್ದಲೆ ಕೇಳಿ ಬೆಳೆದವರ ಬಳಿ ಇದಕ್ಕಿಂತ ಒಳ್ಳೆಯ ಅಳತೆಗೋಲಿದೆ ಎಂಬುದು ನನ್ನ ನಂಬಿಕೆ. ಭಾಗವತರು ಹಾಡುವ ಪದ್ಯ ಕೆಲವೇ ಸಾಲು. ಅದರ ಮೇಲೆ ಅರ್ಥಧಾರಿ ಬಹಳ ಹೊತ್ತು ಮಾತನಾಡುತ್ತಾನೆ. ಕವಿ ಹೇಳದ ತರ್ಕವನ್ನು ಕರ್ಣನ ಬಾಯಲ್ಲಿ ತಂದರೂ ಸಭೆ ತಲೆದೂಗುತ್ತದೆ. ಆದರೆ ಪದ್ಯ ಮುಟ್ಟಬೇಕಾದ ಸ್ಥಳವನ್ನು ಕರ್ಣನ ಸ್ವಭಾವದಿಂದಲ್ಲದೆ ಬೇರೆ ದಾರಿಯಿಂದ ಮುಟ್ಟಿಸಿದರೆ, ಸಭೆಯ ಹೊರಗೆ ಚಹಾ ಕುಡಿಯುವ ಹಿರಿಯರು ಅದನ್ನು ಬಿಡುವುದಿಲ್ಲ. ಘಟನೆ ಉಳಿದರೆ ಸಾಲದು, ಅದರ ಕಾರಣವೂ ಉಳಿಯಬೇಕು.

ಈ ಅಳತೆಗೋಲಿನಿಂದ ನೋಡಿದರೆ ಧಾರಾವಾಹಿ ಗೆದ್ದ ಕಡೆಗಳೂ ಸ್ಪಷ್ಟವಾಗುತ್ತವೆ. ಹ್ಯಾರನ್‌ಹಾಲ್ ಕೋಟೆಯಲ್ಲಿ, ಲ್ಯಾನಿಸ್ಟರರ ವೈರಿಗಳಾದ ಸ್ಟಾರ್ಕ್ ಮನೆತನದ ಹುಡುಗಿ ಆರ್ಯಾ ಗುರುತು ಮರೆಸಿಕೊಂಡು ಪಾನಪಾತ್ರೆ ಹಿಡಿಯುವುದು ಕಾದಂಬರಿಯಲ್ಲಿ ರೂಸ್ ಬೋಲ್ಟನ್ನನಿಗೆ, ತೆರೆಯ ಮೇಲೆ ಟೈವಿನ್ನನಿಗೆ. ಈ ಬದಲಾವಣೆಯಿಂದ ಇಬ್ಬರ ಸ್ವಭಾವವೂ ಇನ್ನಷ್ಟು ತೆರೆದುಕೊಂಡಿತು. ಮೊದಲ ಸೀಸನ್ನಿನಲ್ಲಿ ರಾಜ ರಾಬರ್ಟ್ ಮತ್ತು ರಾಣಿ ಸರ್ಸಿ ತಮ್ಮ ಹಾಳಾದ ದಾಂಪತ್ಯದ ಬಗ್ಗೆ ಎದುರುಬದುರು ಕುಳಿತು ಮಾತನಾಡುವ ದೃಶ್ಯ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಅದು ಇಲ್ಲದ ಧಾರಾವಾಹಿಯನ್ನು ಈಗ ಊಹಿಸಲೂ ನನಗೆ ಮನಸ್ಸಿಲ್ಲ.

ಆರ್ಯಾಳ ಅಣ್ಣ ರಾಬ್‌ನ ಮದುವೆಯಲ್ಲಿ ಮಾತ್ರ ಮತ್ತೆ ಕಾರಣವೇ ಬದಲಾಗಿದೆ. ಕಾದಂಬರಿಯಲ್ಲಿ ಗಾಯಗೊಂಡು ಮಲಗಿರುವಾಗ ತಮ್ಮಂದಿರ ಸಾವಿನ ಸುದ್ದಿ ಕೇಳಿದ ರಾಬ್, ಸಂತೈಸಲು ಬಂದ ಜೇನ್ ವೆಸ್ಟರ್ಲಿಂಗ್‌ಳೊಂದಿಗೆ ರಾತ್ರಿ ಕಳೆದು, ಮರುದಿನ ಅವಳ ಮಾನ ಉಳಿಸುವುದಕ್ಕಾಗಿ ಅವಳನ್ನೇ ಮದುವೆಯಾಗುತ್ತಾನೆ. ತಂದೆಯಿಂದ ಕಲಿತ ಧರ್ಮವೇ ಫ್ರೇ ಮನೆತನದ ಹುಡುಗಿಯನ್ನು ಮದುವೆಯಾಗುವೆನೆಂದು ಕೊಟ್ಟ ಮಾತನ್ನು ಅವನಿಂದ ಮುರಿಸುತ್ತದೆ, ಮುರಿದ ಆ ಮಾತೇ ಅವನ ಕೊಲೆಗೆ ಕಾರಣವಾಗುತ್ತದೆ. ಧಾರಾವಾಹಿಯ ಟಲೀಸಾಳೊಂದಿಗಿನದು ಪ್ರೇಮವಿವಾಹ. ಅಲ್ಲಿ ಅವನ ಸಾವು ದುಃಖದ ಸಂಗತಿ ನಿಜ, ಆದರೆ ಧರ್ಮಸಂಕಟದ ಫಲವಲ್ಲ. ಐದನೆಯ ಸೀಸನ್ನಿನಲ್ಲಿ ಆರ್ಯಾಳ ಅಕ್ಕ ಸಾನ್ಸಾಳನ್ನು ರೂಸ್ ಬೋಲ್ಟನ್ನನ ಕ್ರೂರಿ ಮಗ ರಾಮ್ಸೆಗೆ ಮದುವೆ ಮಾಡಿಸಿದ್ದು ಇನ್ನೂ ಕೆಟ್ಟದು. ಕಾದಂಬರಿಯಲ್ಲಿ ಆ ಕಷ್ಟಕ್ಕೆ ಸಿಕ್ಕಿಬೀಳುವವಳು ಆರ್ಯಾ ಎಂಬ ಸುಳ್ಳು ಹೆಸರು ಹೊತ್ತ ಜೇನ್ ಪೂಲ್. ಪಾತ್ರಗಳ ಸಂಖ್ಯೆ ಉಳಿತಾಯವಾಯಿತು, ಆದರೆ ಈ ಮದುವೆ ಕುದುರಿಸಿದ, ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವ ಲಿಟಲ್‌ಫಿಂಗರ್ ತನ್ನ ಅತ್ಯಮೂಲ್ಯ ದಾಳವನ್ನು ಶತ್ರುವಿನ ಮನೆಗೆ ಏಕೆ ಕಳಿಸಿದನೆಂಬುದಕ್ಕೆ ಒಪ್ಪುವ ಉತ್ತರ ಸಿಗಲಿಲ್ಲ.

ಮಾರ್ಟಿನ್ ಅವರ 2018ರ ‘ಫೈರ್ ಅಂಡ್ ಬ್ಲಡ್’ ಆಧರಿಸಿದ ‘ಹೌಸ್ ಆಫ್ ದಿ ಡ್ರ್ಯಾಗನ್’ ಧಾರಾವಾಹಿ ಬಂದ ಮೇಲೆ ಈ ಚರ್ಚೆಗೆ ಲೇಖಕರೇ ಇಳಿದರು. ಪುಸ್ತಕದಲ್ಲಿ ಕೊಲೆಗಡುಕರು ರಾಣಿ ಹೆಲೀನಾಳನ್ನು ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಸಾವಿಗೆ ಆರಿಸುವಂತೆ ಪೀಡಿಸುತ್ತಾರೆ. ಅವಳು ಕಿರಿಯ ಮೇಲರ್‌ನ ಹೆಸರು ಹೇಳುತ್ತಾಳೆ, ಅವರು ಹಿರಿಯವನನ್ನು ಕೊಲ್ಲುತ್ತಾರೆ. ಆಮೇಲೆ, ಸಾವಿಗೆ ತಾನೇ ಹೆಸರಿಸಿದ ಮಗನ ಮುಖ ನೋಡಲಾಗದೆ ಅವಳು ಕುಸಿಯುತ್ತಾಳೆ. ಈ ಧಾರಾವಾಹಿಯಲ್ಲಿ ಮೇಲರ್ ಇಲ್ಲವೇ ಇಲ್ಲ, ಆದ್ದರಿಂದ ಆಯ್ಕೆಯೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಮಾರ್ಟಿನ್ ತಮ್ಮ ಜಾಲತಾಣದಲ್ಲಿ ಇದನ್ನೇ ಎತ್ತಿಕೊಂಡು, ಒಂದು ಪುಟ್ಟ ಮಗುವನ್ನು ಕೈಬಿಟ್ಟರೆ ಮುಂದಿನ ಎಷ್ಟು ಘಟನೆಗಳು ಸಡಿಲವಾಗುತ್ತವೆ ಎಂದು ಬರೆದರು; ಸ್ವಲ್ಪ ಹೊತ್ತಿನಲ್ಲೇ ಆ ಬರಹವನ್ನು ತೆಗೆಯಲಾಯಿತು. ಅದನ್ನು ಓದಿದ ಬ್ಯಾಂಕಿನ ಗೆಳೆಯರು ಮೇಲರ್‌ನ ವಿಷಯದಲ್ಲಿ ನನ್ನ ಕಡೆಗೆ ಬಂದಿದ್ದಾರೆ. ಟೈಷಾಳ ವಿಷಯದಲ್ಲಿ ಇನ್ನೂ ಬಂದಿಲ್ಲ.