ಶುಗರ್ ಇದ್ದವರಿಗೆ ಹೆಸರುಕಾಳಿನ ದೋಸೆ
ಮಂಗಳೂರು ಕಡೆ ತಿಂಡಿಗೆ ನೀರುದೋಸೆ, ಜೊತೆಗೆ ಕಾಯಿಬೆಲ್ಲ. ಬರೀ ಅಕ್ಕಿ, ಮೇಲೆ ಬೆಲ್ಲ. ಶುಗರ್ ಬೇಗ ಏರುತ್ತದೆ. ಹಾಗಂತ ದೋಸೆಯನ್ನೇ ಬಿಟ್ಟು ಬೇಸರಪಡುವವರನ್ನು ಕಂಡಾಗ ಸಂಕಟವಾಗುತ್ತದೆ. ಅದೇ ಕಾವಲಿಯಲ್ಲಿ ಹೆಸರುಕಾಳಿನ ದೋಸೆ ಹೊಯ್ಯಬಹುದಲ್ಲ! 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, ಜೊತೆಗೆ ಸಿಪ್ಪೆಯ ನಾರು.

ಒಂದು ಕಪ್ ಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಶುಂಠಿ, ಹಸಿಮೆಣಸು, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ. ಹುಳಿ ಬರಿಸಬೇಕಾಗಿಲ್ಲ. ಕಾವಲಿ ವಿಪರೀತ ಕಾದಿದ್ದರೆ ಹಿಟ್ಟು ಹರಡದೆ ಸೌಟಿಗೇ ಮುದ್ದೆಯಾಗಿ ಅಂಟಿ ಬರುತ್ತದೆ. ನೀರು ಚಿಮುಕಿಸಿ, ಒರೆಸಿ, ಉರಿ ತಗ್ಗಿಸಿ ಹೊಯ್ಯಿರಿ. ಅಂಚು ತಾನಾಗಿ ಏಳುವ ಮೊದಲು ಮಗುಚಿದರೆ ಹರಿಯುತ್ತದೆ. ಗರಿಗರಿಯಾಗಲೆಂದು ಅಕ್ಕಿ ಹಾಕುವುದಾದರೆ ಒಂದೆರಡು ಚಮಚ ಸಾಕು. ನೆಂಚಿಕೊಳ್ಳಲು ಕಾಯಿಚಟ್ನಿ.